ವೈರಿಲ್ಲದ ಮನೆಯ ವೈರಿಗಳು

ಎಲ್ಲದಕ್ಕೂ ಕಾರಣ ಒಂದು ಒದ್ದೆ ಬನಿಯನ್. ಓಂಕಾರಮೂರ್ತಿಯಂತೂ ಹಾಗೆಂದೇ ನಂಬಿದ್ದ.

ಚಳ್ಳಕೆರೆಯ ಆ ಏರಿಯಾದಲ್ಲಿ ಏರಿಯಲ್ಲೂ ಇಲ್ಲದ, ಕೇಬಲ್ಲೂ ಇಲ್ಲದ ಮನೆ ಅವನದೊಂದೇ. ಮೊದಲೊಮ್ಮೆ ಮಾಳಿಗೆಯ ಮೇಲೆ ಏರಿಯಲ್ ನಿಲ್ಲಿಸಿದ್ದ. ಬೇವಿನ ಮರದ ಕೋತಿಗಳು ಅದರಲ್ಲಿ ಜೋಕಾಲಿ ಆಡಿ ಮುರಿದು ಕೈಗೆ ಕೊಟ್ಟವು. ಕೇಬಲ್ ಹಾಕಿಸೋಣವೆಂದರೆ ಕೇಬಲ್ ಚಿನ್ನಯ್ಯನ ಮೀಸೆ ಕಂಡರೇ ಅವನಿಗೆ ನಡುಕ. ಹೀಗಾಗಿ ಮನೆಯ ಕಪ್ಪುಬಿಳುಪು ಟಿ.ವಿ. ವರ್ಷವಿಡೀ ಚಿತ್ರದ ಬದಲು ಬಿಳಿ ಚುಕ್ಕಿಗಳ ಉಪ್ಪು ಸುರಿಸುತ್ತ ಕೂತಿತ್ತು.

ಹೋದ ತಿಂಗಳು ಹೆಂಡತಿ ಲಕ್ಷ್ಮೀದೇವಿಯ ಕಾಟ ತಾಳಲಾರದೆ ಒಳಮನೆಯಲ್ಲಿ ಬಟ್ಟೆ ಹಾಕಲು ತಂತಿ ಕಟ್ಟಿದ. ಯಾರ ಕಾಲಿಗಾದರೂ ಚುಚ್ಚೀತೆಂದು ನೆಲದಿಂದ ಎತ್ತಿ ತಂದಿದ್ದ ಗೇಣುದ್ದದ ಮೊಳೆಯೊಂದಿತ್ತು. ಅದನ್ನೇ ಗೋಡೆಗೆ ಹೊಡೆದು, ತಂತಿ ಬಿಗಿದು, ತನ್ನ ಒದ್ದೆ ಬನಿಯನ್ನನ್ನು ಹರವಿದ. ತಂತಿ ಜೋತುಬಿದ್ದು ಟಿ.ವಿ.ಯ ತಲೆಯ ಮೇಲಿನ ಕಡ್ಡಿಯ ಕೊಂಬಿಗೆ ತಾಗಿದ್ದೇ ತಡ, ಉಪ್ಪೆಲ್ಲ ಕರಗಿ ವಾರ್ತೆ ಓದುವ ಹೆಂಗಸು ಹಲ್ಲಿನ ಸಮೇತ ಪ್ರತ್ಯಕ್ಷಳಾದಳು!

ಅಂದಿನಿಂದ ಆ ಬನಿಯನ್ನಿಗೆ ಒಣಗುವ ಭಾಗ್ಯ ಬರಲಿಲ್ಲ. ಟಿ.ವಿ.ಯ ಕಿವಿ ಹಿಂಡಿದರೆ ತೆಲುಗು ಕೂಡ ಬರುತ್ತಿತ್ತು. "ಬರದೆ ಏನು? ಮೊಳಕಾಲ್ಮೂರು ದಾಟಿದ್ರೆ ಆಂಧ್ರನೇ ಐತೆ. ಗಾಳಿಗೇನು ಗಡಿನಾ?" ಎಂದು ಓಂಕಾರಮೂರ್ತಿ ಹೆಂಡತಿಗೆ ಭೂಗೋಳ ಹೇಳಿದ. ಹೆಸರಲ್ಲಿ ಓಂಕಾರವಿದ್ದರೂ ಹೊರಗೆ ಎಲ್ಲದಕ್ಕೂ 'ಹೂಂ' ಎನ್ನುವ ಬರೀ ಹೂಂಕಾರದವನು, ಜೀವಮಾನದಲ್ಲಿ ಒಮ್ಮೆ ಕ್ಷೌರದಂಗಡಿಯಲ್ಲಿ ಜಂಬ ಕೊಚ್ಚಿದ: "ನಮ್ಮನೇಲಿ ವೈರೇ ಇಲ್ಲ ಕಣ್ರೋ, ಚಿತ್ರ ಮಾತ್ರ ಗಾಜು ಗಾಜು!"

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ತಿಪ್ಪೇರುದ್ರಮ್ಮನ ದನಿ ಕೇಳಿಸಿತು. ಎರಡು ಮನೆಗೂ ನಡುವೆ ಒಂದೇ ಗೋಡೆ. ಅದೆಷ್ಟು ತೆಳುವೆಂದರೆ ಆಚೆ ಸೀನಿದರೆ ಈಚೆ ಲಕ್ಷ್ಮೀದೇವಿ "ಶಿವಶಿವಾ" ಎನ್ನುತ್ತಿದ್ದಳು.

"ಒಂದು ತಿಂಗಳಾತು, ನಮ್ಮ ಟಿ.ವಿ.ಲಿ ಮನುಷ್ಯರು ಯಾರು, ಎಮ್ಮೆ ಯಾವುದು ಗೊತ್ತಾಗಂಗಿಲ್ಲ! ಯಾವನೋ ನನ್ನ ಕೇಬಲ್ ಕದೀತಿದಾನೆ. ಚಿನ್ನಯ್ಯಗೆ ಹೇಳಿ ಕಳಿಸೀನಿ. ಮನೆಮನೆ ಹೊಕ್ಕು ನೋಡ್ತಾನೆ. ಸಿಕ್ಕೋನ ಕೈ ಮುರೀತಾನೆ!"

ಓಂಕಾರಮೂರ್ತಿಯ ಬಾಯಲ್ಲಿದ್ದ ಮಂಡಕ್ಕಿ ಅಲ್ಲೇ ನಿಂತಿತು. ತಾನು ಕದ್ದಿಲ್ಲವೆಂದು ಅವನಿಗೆ ಗೊತ್ತು. ಆದರೆ ಆ ವಿಷಯ ಅವನ ಮೊಣಕಾಲುಗಳಿಗೆ ಗೊತ್ತಿರಲಿಲ್ಲ. ಅವು ಆಗಲೇ ತಾಳ ಹಾಕುತ್ತಿದ್ದವು. ಅವನು ತೋಟಪ್ಪನವರ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ತೂಕದವನು. ಸಂಜೆ ಗೇಟಿನಲ್ಲಿ ಪ್ಯಾಂಟಿನ ಮಡಿಕೆ ಕೊಡವಿ, ಸಿಕ್ಕಿಕೊಂಡ ಒಂದು ಕಾಳನ್ನೂ ರಾಶಿಗೆ ಹಾಕಿ ಬರುವವನು. ತೂಕದವನನ್ನು ಒಮ್ಮೆ ಕಳ್ಳ ಎಂದುಬಿಟ್ಟರೆ ಮುಗಿಯಿತು, ಚಳ್ಳಕೆರೆಯ ಯಾವ ಮಂಡಿಯಲ್ಲೂ ತಕ್ಕಡಿ ಮುಟ್ಟಿಸುವುದಿಲ್ಲ.

"ಲಕ್ಷ್ಮೀ, ಟಿ.ವಿ. ಮುಚ್ಚಿಡೇ!"

"ಯಾಕ್ರೀ? ನಾವೇನು ಕದ್ದೀವಾ?"

"ಕದ್ದಿದ್ರೆ ಧೈರ್ಯವಾಗಿ ಇರ್ತಿದ್ದೆ ಕಣೇ! ಕದೀದೇ ಸಿಕ್ಕಿಬಿದ್ರೆ ಏನಂತ ಒಪ್ಕೊಳ್ಳಲಿ?"

ಟಿ.ವಿ.ಯನ್ನು ತಂತಿಯಿಂದ ಬಿಡಿಸಿ ಕರಿ ಕಂಬಳಿಯಲ್ಲಿ ಸುತ್ತಿದ. ಮಂಚದಡಿ ತುರುಕಿದರೆ ಹಿಡಿಯಲಿಲ್ಲ. ಹಿತ್ತಿಲಿನ ಸೌದೆಗೂಡಿಗೆ ಸಾಗಿಸೋಣವೆಂದು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಹೊರಟವನು, ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಮೀಸೆ! ಮೀಸೆಯ ಹಿಂದೆ ಚಿನ್ನಯ್ಯ, ಚಿನ್ನಯ್ಯನ ಹಿಂದೆ ತಿಪ್ಪೇರುದ್ರಮ್ಮ, ಅವಳ ಹಿಂದೆ ಅರ್ಧ ಬೀದಿ.

"ಏಮಯ್ಯಾ, ಎಲ್ಲಿಗೆ ಹೊಂಟೆ?" ಚಿನ್ನಯ್ಯ ಮೊಳಕಾಲ್ಮೂರಿನವನು, ಸಿಟ್ಟು ಬಂದರೆ ತೆಲುಗಿನಲ್ಲೇ ಬರುತ್ತಿತ್ತು. "ಕಂಬಳಿಯೊಳಗೆ ಏನು?"

"ಅದು... ಜ್ವರ."

"ಯಾರಿಗೆ?"

"ನನಗೆ."

"ನಿನಗೆ ಜ್ವರ ಬಂದ್ರೆ ಕಂಬಳಿ ಅದಕ್ಕೆ ಯಾಕೆ ಹೊದಿಸಿದ್ದೀಯ?" ಎಂದು ಚಿನ್ನಯ್ಯ ಎಳೆದ. ಟಿ.ವಿ.ಯ ಮೋರೆ ಹೊರಬಂತು. ಬೀದಿಯೆಲ್ಲ "ಹೋ" ಎಂದಿತು.

"ದೊಂಗ!" ಎಂದ ಚಿನ್ನಯ್ಯ. ಅದರ ಅರ್ಥ ಕಳ್ಳ ಎಂದು ಚಳ್ಳಕೆರೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ತಡೀರಿ," ಎಂದಳು ತಿಪ್ಪೇರುದ್ರಮ್ಮ. "ನ್ಯಾಯವಾಗಿ ಆಗ್ಲಿ. ಇವರ ಸಾವ್ಕಾರ್ರನ್ನೂ ಕರೆಸೀನಿ."

ಓಂಕಾರಮೂರ್ತಿಗೆ ಈಗ ನಿಜವಾಗಿಯೇ ಜ್ವರ ಬಂತು. ತೋಟಪ್ಪನವರು ಆಗಲೇ ಮುಂಬಾಗಿಲಿಂದ ಕೆಮ್ಮುತ್ತ ಒಳಗೆ ಬರುತ್ತಿದ್ದರು. ಆ ಕೆಮ್ಮಿಗೆ ಮಿಲ್ಲಿನ ಹಮಾಲರೇ ಮೂಟೆ ಇಳಿಸಿ ನಿಲ್ಲುವರು.

"ಏನ್ಲೇ ಓಂಕಾರಿ ಇದು? ನನಗೆ ಮಿಲ್ಲಲ್ಲಿ ತಲೆನೋವು ಸಾಲದಾ? ಬಾಗಿಲ ಮೇಲಿನ 'ನಮ್ಮಲ್ಲಿ ನ್ಯಾಯವಾದ ತೂಕ' ಹಸಿರು ಬೋರ್ಡು ತಿಂಗಳಿಂದ ಸೊಟ್ಟಗೆ ಜೋತು ಬಿದ್ದೈತೆ, ಬಂದ ರೈತರೆಲ್ಲ ಅದನ್ನೇ ನೋಡಿ ನಗ್ತಾರೆ. ಈಗ ತೂಕದೋನೂ ಸೊಟ್ಟ ಅಂತಾರೆ. ಕದ್ದಿದ್ರೆ ಈಗ್ಲೇ ಹೇಳ್ಬಿಡು."

"ಇಲ್ಲ ಸಾವ್ಕಾರ್ರೆ. ಬನಿಯನ್ನು..." ಎಂದು ಓಂಕಾರಮೂರ್ತಿ ತೊದಲಿದ.

ಟಿ.ವಿ. ಮತ್ತೆ ಜಾಗಕ್ಕೆ ಬಂತು. ಚಿನ್ನಯ್ಯ ಹುಡುಕತೊಡಗಿದ. ಮಂಚ ಎಳೆದ, ಚಾಪೆ ಎತ್ತಿದ, ಬಚ್ಚಲ ಮೋರಿಗೆ ಕೈ ಹಾಕಿ ತೆಗೆದು ಮೂಸಿದ, ಮಾಳಿಗೆ ಹತ್ತಿ ಕೋತಿಗಳ ಕೈಲಿ ಬೈಸಿಕೊಂಡು ಇಳಿದ. ಪ್ರತಿ ಮೂಲೆಗೂ ಓಂಕಾರಮೂರ್ತಿಯ ಎದೆ ಎಣ್ಣೆ ಗಾಣದಂತೆ ಗಡಗಡ ಎನ್ನುತ್ತಿತ್ತು. ತನಗೇ ಗೊತ್ತಿಲ್ಲದಂತೆ ಎಲ್ಲಾದರೂ ಕೇಬಲ್ ಇದ್ದೀತೇ ಎಂದು ಅವನಿಗೇ ಅನುಮಾನ ಹುಟ್ಟಿಬಿಟ್ಟಿತ್ತು.

"ಲೇದು," ಎಂದ ಚಿನ್ನಯ್ಯ ಕೊನೆಗೆ, ಮೀಸೆ ಇಳಿಬಿಟ್ಟು. "ಒಂದು ಎಳೆನೂ ಇಲ್ಲ."

ಲಕ್ಷ್ಮೀದೇವಿ ಬನಿಯನ್ನನ್ನು ಚೊಂಬಿನಲ್ಲಿ ಅದ್ದಿ ತಂತಿಗೆ ಹಾಕಿದಳು. ಕೊಂಬಿಗೆ ತಂತಿ ತಾಗಿಸಿದಳು. ಚಿತ್ರ ಬಂತು, ಗಾಜು ಗಾಜು. ಬೀದಿಯ ಜನ ಬನಿಯನ್ನಿಗೆ ಕೈ ಮುಗಿಯುವುದೊಂದು ಬಾಕಿ.

"ಭಲೇ!" ತೋಟಪ್ಪನವರು ಎದೆಯುಬ್ಬಿಸಿದರು. "ನಮ್ಮ ಓಂಕಾರಿ ಬಂಗಾರ ಕಣ್ರಯ್ಯ. ಇಷ್ಟು ವರ್ಷ ನನ್ನ ಮಿಲ್ಲಿಂದ ಒಂದು ಕಡ್ಡಿ ಎತ್ತಿಲ್ಲ. ನಾಳೆಯಿಂದ ಉಗ್ರಾಣದ ಬೀಗದ ಕೈನೂ ಇವನದೇ!"

ಓಂಕಾರಮೂರ್ತಿಯ ಮೊಣಕಾಲುಗಳು ತಾಳ ನಿಲ್ಲಿಸಿದವು. ಉಗ್ರಾಣದ ಬೀಗದ ಕೈ! ಅವನಿಗೆ ಧೈರ್ಯ ಬಂತು. ಅಭ್ಯಾಸವಿಲ್ಲದವನಾದ್ದರಿಂದ ಅದು ಸ್ವಲ್ಪ ಹೆಚ್ಚಾಗಿಯೇ ಬಂತು.

ಚಿನ್ನಯ್ಯ ಮಾತ್ರ ತಂತಿಯನ್ನೇ ಗುರಾಯಿಸುತ್ತಿದ್ದ. "ಈ ತಂತೀಲಿ ಏನೋ ಮಾಯ ಐತೆ."

"ಮಾಯಾನೂ ಇಲ್ಲ, ಮಂತ್ರಾನೂ ಇಲ್ಲ! ಬೇಕಾದ್ರೆ ತಗೊಂಡು ಹೋಗಯ್ಯ!" ಎಂದು ಗುಡುಗಿದ ಓಂಕಾರಮೂರ್ತಿ. "ತಂತಿ ತಗೋ, ಬನಿಯನ್ ತಗೋ, ಮೊಳೆ ಸಮೇತ ತಗೋ!" ಎನ್ನುತ್ತ ಮೊಳೆಗೆ ಕೈ ಹಾಕಿ ಅಲುಗಿಸಿ ಸರ್ರನೆ ಎಳೆದ.

ಟಿ.ವಿ.ಯಲ್ಲಿ ಉಪ್ಪು ಸುರಿಯಿತು.

ಅದೇ ಕ್ಷಣ ಗೋಡೆಯಾಚೆಯಿಂದ ತಿಪ್ಪೇರುದ್ರಮ್ಮನ ಸೊಸೆ ಐಶ್ವರ್ಯ ಕಿರುಚಿದಳು: "ಅತ್ತೇ! ಬಂತು! ನಮ್ಮದು ಬಂತು! ಎಮ್ಮೆಯೆಲ್ಲ ಮನುಷ್ಯರಾದ್ರು!"

ಚಿನ್ನಯ್ಯ ಮೊಳೆ ಕಸಿದುಕೊಂಡು ಅದೇ ತೂತಿಗೆ ತುರುಕಿದ.

"ಅಯ್ಯೋ, ಹೋತು!" ಎಂದಳು ಐಶ್ವರ್ಯ.

ಎಳೆದ.

"ಬಂತು!"

ತುರುಕಿದ.

"ಹೋತು! ಯಾರ್ರೀ ಅದು ಆಟ ಆಡೋದು?"

ತಿಪ್ಪೇರುದ್ರಮ್ಮ ನಿಧಾನವಾಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಮನೆಯ ಕೇಬಲ್ಲು ಆಚೆ ಬದಿಯಲ್ಲಿ ಅದೇ ಗೋಡೆಗುಂಟ ಇಳಿದಿತ್ತು. ಗೇಣುದ್ದದ ಮೊಳೆ ತೆಳು ಗೋಡೆ ದಾಟಿ ಅದರ ಹೊಟ್ಟೆಗೇ ಚುಚ್ಚಿಕೊಂಡಿತ್ತು. ಬನಿಯನ್ನಿನಿಂದ ಒಂದು ಹನಿ ಟಪ್ಪೆಂದು ಬಿತ್ತು.

"ನನಗೆ ಗೊತ್ತಿರಲಿಲ್ಲ..." ಓಂಕಾರಮೂರ್ತಿಯ ದನಿ ಬಾವಿಯೊಳಗಿಂದ ಬಂದಂತಿತ್ತು. "ಸಾವ್ಕಾರ್ರೆ, ನಿಮ್ಮಾಣೆಗೂ ಗೊತ್ತಿರಲಿಲ್ಲ..."

ತೋಟಪ್ಪನವರು ಕೈಯೆತ್ತಿ ಸುಮ್ಮನಿರಿಸಿದರು. "ಬಿಡ್ರಯ್ಯಾ. ಗೋಡೆ ಆಚೆಗೆ ಮೊಳೆ ಏನು ಮಾಡ್ತು ಅಂತ ಇವನಿಗೆ ಹೆಂಗೆ ಗೊತ್ತಾದೀತು? ಪಾಪ, ಇದು ಕಳ್ಳತನ ಅಲ್ಲ. ಎಲ್ಲಿ, ಅದನ್ನ ಇಲ್ಲಿ ಕೊಡು ನೋಡಾನ."

ಓಂಕಾರಮೂರ್ತಿಗೆ ಹೋದ ಜೀವ ಮರಳಿತು. ಚಿನ್ನಯ್ಯ ಮೊಳೆಯನ್ನು ಮತ್ತೆ ಕಿತ್ತು, ತಂತಿ ಬಿಡಿಸಿ, ತೋಟಪ್ಪನವರ ಅಂಗೈಗೆ ಹಾಕಿದ. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. ಮೊಳೆಯ ಅಗಲವಾದ ತಲೆಗೆ ಹಸಿರು ಬಣ್ಣ ಬಳಿದಿತ್ತು. ಉಗುರಿನಿಂದ ಅದನ್ನು ಒಮ್ಮೆ ಕೆರೆದರು. ಮತ್ತೊಮ್ಮೆ ಕೆರೆದರು.

"ಇದನ್ನ ಎಲ್ಲಿಂದ ತಂದೆ?"

"ಬಿದ್ದಿತ್ತು... ಯಾರಿಗಾದ್ರೂ ಚುಚ್ಚೀತು ಅಂತ..."

"ಎಲ್ಲಿ ಬಿದ್ದಿತ್ತು?"

ಓಂಕಾರಮೂರ್ತಿಯ ಮೊಣಕಾಲುಗಳಿಗೆ ಅವನಿಗಿಂತ ಮೊದಲೇ ನೆನಪಾಯಿತು. ಅವು ತಾಳ ಶುರು ಮಾಡಿದವು.

"ಮಿಲ್ಲಿನ... ಬಾಗಿಲಲ್ಲಿ."

ತೋಟಪ್ಪನವರು ಮೊಳೆಯನ್ನು ಜೇಬಿಗಿಳಿಸಿ ಬಾಗಿಲತ್ತ ತಿರುಗಿದರು. "ಸರಿ. ನಾಳೆ ಬರುವಾಗ ಏಣಿ ತಗೊಂಡು ಬಾ. ಬೋರ್ಡು ನೆಟ್ಟಗೆ ಹೊಡೆದು ಹೋಗು. ತೂಕಕ್ಕೆ ಬೇರೆಯೋನ್ನ ನೋಡ್ಕೊಳ್ತೀನಿ."