ಇಪ್ಪತ್ತಮೂರು ದಿಕ್ಸೂಚಿಗಳ ಕಾಕಾ

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವವರು ಒಂದು ಎಲೆ ಹೆಚ್ಚಿಗೆ ಹಾಕಿದರೆ ಸಾಲದು, ಅವರನ್ನು ಹುಡುಕಿ ತರಲು ಇಬ್ಬರನ್ನು ಬೈಕಿನ ಮೇಲೆ ಸಿದ್ಧವಾಗಿ ಕೂರಿಸಿರಬೇಕು. ಯಾಕೆಂದರೆ ಅವರ ಬಳಿ ಇಪ್ಪತ್ತಮೂರು ದಿಕ್ಸೂಚಿಗಳಿವೆ! ಒಂದೂ ಇಲ್ಲದಿದ್ದ ಕಾಲದಲ್ಲಿ ಇದೇ ಮನುಷ್ಯ ಸಿಂಧನೂರಿನ ಸುತ್ತಲಿನ ಹಳ್ಳಿಗಳಿಗೆಲ್ಲ ಕಣ್ಣು ಮುಚ್ಚಿಕೊಂಡು ಹೋಗಿ ಬರುತ್ತಿದ್ದರು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಿವೃತ್ತರಾದವರು ಏನು ಮಾಡುತ್ತಾರೆ? ಕಟ್ಟೆಯ ಮೇಲೆ ಕುಳಿತು ಸರ್ಕಾರವನ್ನು ಬೈಯುತ್ತಾರೆ. ನಮ್ಮ ಕಾಕಾ ಮಾತ್ರ ಮಸ್ಕಿ ಸಂತೆಯ ಗುಜರಿ ಸಾಮಾನಿನ ನಡುವೆ ಒಂದು ಹಿತ್ತಾಳೆಯ ದಿಕ್ಸೂಚಿ ಕಂಡರು. ಅಂದಿನಿಂದ ಶುರುವಾಯಿತು ನೋಡಿ!

ಅವರು ದಿಕ್ಸೂಚಿ ಆರಿಸುವುದನ್ನು ಒಮ್ಮೆ ನೋಡಬೇಕು. ಅಂಗೈ ಮೇಲೆ ಮಟ್ಟಸವಾಗಿ ಇಟ್ಟುಕೊಳ್ಳುತ್ತಾರೆ. ಒಳಗಿನ ಎಣ್ಣೆಯಲ್ಲಿ ಗುಳ್ಳೆ ಕಂಡರೆ ಅಲ್ಲೇ ತಿರಸ್ಕಾರ. ಗುಳ್ಳೆ ಇಲ್ಲದಿದ್ದರೆ ಮನೆಯ ಕಬ್ಬಿಣದ ಬೀಗದ ಕೈಯನ್ನು ಹತ್ತಿರ ಹಿಡಿದು ಮುಳ್ಳನ್ನು ಕೆಣಕುತ್ತಾರೆ. ಆಮೇಲೆ ಕೈ ಹಿಂದೆ ತೆಗೆದು ಒಂದು, ಎರಡು ಎಂದು ಎಣಿಸುತ್ತಾರೆ. ನಾಲ್ಕು ಎನ್ನುವುದರೊಳಗೆ ಮುಳ್ಳು ತನ್ನ ಜಾಗಕ್ಕೆ ಬಂದು ನಿಂತರೆ ಪಾಸು. ಒಂದೊಂದಕ್ಕೂ ಹತ್ತು ಸಲ ಈ ಪರೀಕ್ಷೆ.

“ಯಜಮಾನ್ರ, ತಗೊಳ್ಳಾಕ ಬಂದೀರೋ, ಪರೀಕ್ಷಾ ನಡಸಾಕ ಬಂದೀರೋ?” ಎಂದು ಸಿಂಧನೂರಿನ ಅಂಗಡಿಯವನು ಕೇಳಿದರೆ, ಪಕ್ಕದಲ್ಲಿ ನಿಂತ ನಾನು ರಸ್ತೆಯ ಆಚೆ ಏನೋ ನೋಡುವವನಂತೆ ನಟಿಸುತ್ತಿದ್ದೆ. ಮನೆಗೆ ಬಂದರೆ ಕಾಕಾನ ಹೆಂಡತಿ, ನಮ್ಮ ಚಿಗವ್ವನ ಮಾತು ಬೇರೆ. “ನನ್ನ ನೋಡಾಕ ಬಂದಾಗ ಒಂದು ಕಪ್ಪು ಚಾ ಕುಡದು ಹೂಂ ಅಂದ್ರು. ಈ ಡಬ್ಬಿಗೆ ಅರ್ಧಾ ದಿನ!”

ನನ್ನ ಮಾನ ನಿಜವಾಗಿ ಹೋದದ್ದು ಗೊರೇಬಾಳದ ಗದ್ದೆಗಳಲ್ಲಿ. ನನ್ನ ಹೆಂಡತಿಯ ಅಣ್ಣ ಅಲ್ಲಿ ಹೊಸದಾಗಿ ಕೊಂಡ ಹೊಲದಲ್ಲಿ ಊಟ ಇಟ್ಟಿದ್ದ. ರಸ್ತೆ ಇದೆ, ಆಟೋ ಇವೆ. ಆದರೂ ಕಾಕಾ, “ಬದುವಿನ ಮ್ಯಾಲ ಸೀದಾ ಉತ್ತರಕ್ಕ ನಡದ್ರ ಅರ್ಧಾ ತಾಸು ನೋಡ್ರಿ” ಎಂದು ನನ್ನ ಅತ್ತೆ ಮಾವನನ್ನೂ ಬದುವಿಗೆ ಇಳಿಸಿದರು. ಒಂದೂವರೆ ತಾಸು ನಡೆದೆವು. ಮಾವ ಬೆವರು ಒರೆಸಿಕೊಳ್ಳುತ್ತ ಕೇಳಿದರು, “ಅಳೇರ, ಈ ಊರಾಗ ಎಲ್ಲಾ ಪಂಪ್‌ಸೆಟ್ ಮನೀಗೂ ನೀಲಿ ಬಾಗಲಾನೇನ್ರೀ?”

ಅದು ಒಂದೇ ಮನೆ. ಮೂರನೇ ಸಲ ಬಂದಿದ್ದೆವು! ಅಷ್ಟರಲ್ಲಿ ಅತ್ತೆಯ ಕಾಲು ಜಾರಿ ಮೊಣಕಾಲಿನವರೆಗೆ ಕೆಸರಿಗೆ ಹೋಯಿತು. ಆಮೇಲೆ ತಿಳಿಯಿತು, ಸೊಂಟ ನೋವಿಗೆಂದು ಚಿಗವ್ವ ಕಾಕಾನ ಅಂಗಿಯ ಒಳಗೆ ಅಯಸ್ಕಾಂತದ ಬೆಲ್ಟ್ ಕಟ್ಟಿ ಕಳಿಸಿದ್ದಳು. ಕಾಕಾ ದಿಕ್ಸೂಚಿಯನ್ನು ಹೊಟ್ಟೆಯ ಹತ್ತಿರವೇ ಹಿಡಿದಿದ್ದರು. ಅವರು ಎತ್ತ ತಿರುಗಿದರೂ ಮುಳ್ಳು ಬೆಲ್ಟಿನ ಜೊತೆಗೇ ತಿರುಗಿ, ಮುಂದಿರುವುದೇ ಉತ್ತರ ಎನ್ನುತ್ತಿತ್ತು!

“ನೋಡಿದ್ಯಾ ತಮ್ಮಾ, ಮುಳ್ಳಿಂದೇನೂ ತಪ್ಪಿಲ್ಲ!” ಎಂದು ಕಾಕಾ ಹಿಗ್ಗಿದರು. ಅತ್ತೆಯ ಸೀರೆಯ ಕಡೆ ನೋಡಲಾಗದೆ ನಾನು ನೆಲ ನೋಡುತ್ತ ನಿಂತೆ. ಇಂಥವರ ಜೊತೆ ಇನ್ನೆಲ್ಲೂ ಕಾಣಿಸಿಕೊಳ್ಳಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಇಷ್ಟು ಹೊತ್ತು ಕಾಕಾನನ್ನು ನೋಡಿ ನಕ್ಕಿರಿ. ಈಗ ಸ್ವಲ್ಪ ನನ್ನನ್ನು ನೋಡಿ.

ನನಗೆ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ನೌಕರಿ. ಕಳೆದ ವರ್ಷ ಮಸ್ಕಿಯ ಕಡೆಯ ಗುಡ್ಡಗಳಲ್ಲಿ ಗಡಿಕಲ್ಲು ನೋಡುವ ಕೆಲಸ ಬಿತ್ತು. “ಗುಡ್ಡದಾಗ ಹೊಕ್ಕರ ದಿಕ್ಕೇ ತಿಳಿಯಂಗಿಲ್ಲ ಕಾಕಾ” ಎಂದು ಫೋನಿನಲ್ಲಿ ಹೇಳಿದ್ದೆ. ಹೇಳಿ ಮರೆತಿದ್ದೆ. ಮರುವಾರ ಹೊಸ ಸಾಹೇಬರು ಬಂದರು. ಅವರ ಎದುರಿಗೆ ಒಳ್ಳೆಯ ಹೆಸರು ತಗೊಳ್ಳಬೇಕೆಂದು ನಾನು ಇಸ್ತ್ರಿ ಅಂಗಿಯಲ್ಲಿ ಫೈಲು ಹಿಡಿದು ನಿಂತಿದ್ದೆ. ಆಗ ಬಾಗಿಲಲ್ಲಿ ಕಾಕಾ! ಮಾಸಿದ ಧೋತರ, ಕೊರಳಲ್ಲಿ ದಾರಕ್ಕೆ ಕಟ್ಟಿದ ಐದು ದಿಕ್ಸೂಚಿಗಳು.

“ನಿಮ್ಮ ಆಫೀಸಿನ ಬಾಗಲಾ ಈಶಾನ್ಯಕ್ಕ ಐತಲ್ಲೋ!” ಎಂದು ಅಲ್ಲಿಂದಲೇ ಕೂಗಿದರು. ಎಲ್ಲರೂ ತಲೆ ಎತ್ತಿದರು.

ಸಾಹೇಬರು ನನ್ನ ಕಡೆ ತಿರುಗಿ, “ಯಾರ್ರೀ ಇವರು? ನಿಮ್ಮವರೇನು?” ಎಂದರು.

“ಅಲ್ರೀ ಸರ್, ಯಾರೋ ಗೊತ್ತಿಲ್ಲ.”

ಎಷ್ಟು ಸಲೀಸಾಗಿ ಬಂತು ಆ ಮಾತು! ನನ್ನ ಪರೀಕ್ಷೆಗೆಂದು ಆಗ ನಾವಿದ್ದ ಸಾಲಗುಂದದಿಂದ ಸಿಂಧನೂರಿನವರೆಗೆ ಆರು ದಿನ ಸೈಕಲ್ ತುಳಿದ ಮನುಷ್ಯ ಅವರು. ನಾನು ಹಿಂದೆ ಕುಳಿತು ಪುಸ್ತಕ ಓದಲಿ ಎಂದು ದಾರಿಯುದ್ದಕ್ಕೂ ಬಾಯಿ ಬಿಡುತ್ತಿರಲಿಲ್ಲ.

ಕಾಕಾ ಕೇಳಿಸಿಕೊಂಡರು. ನನ್ನ ಮುಖ ಒಂದು ಕ್ಷಣ ನೋಡಿದರು. ಆಮೇಲೆ ಸಾಹೇಬರಿಗೆ ಕೈ ಮುಗಿದು, “ಹೌದ್ರೀ ಸಾಹೇಬ್ರ, ಇವರಿಗೆ ನನ್ನ ಗುರುತಿಲ್ರಿ. ದಾರಿ ತಪ್ಪಿ ಒಳಗ ಬಂದೀನಿ. ಬಸ್ ಸ್ಟ್ಯಾಂಡ್ ಯಾ ಕಡಿಗೈತ್ರೀ?” ಎಂದರು. ಹುಟ್ಟಿದಾಗಿನಿಂದ ‘ಲೇ’ ಎಂದವರು ನನ್ನನ್ನು ಮೊದಲ ಸಲ ‘ಇವರು’ ಎಂದರು.

“ಕೊರಳಾಗ ಐದು ಕಟಗೊಂಡು ಬಸ್ ಸ್ಟ್ಯಾಂಡ್ ಕೇಳ್ತಾನ!” ಎಂದು ಯಾರೋ ಅಂದರು. ಕಚೇರಿಗೆ ಕಚೇರಿಯೇ ನಕ್ಕಿತು. ನಾನೂ ನಕ್ಕೆ. ಸಾಹೇಬರು ಕೈ ತೋರಿಸಿದ ಕಡೆಗೆ ಕಾಕಾ ನಡೆದು ಹೋದರು. ಸಂಜೆ ಹೊರಗೆ ಬಂದಾಗ ನನ್ನ ಬೈಕಿನ ಹ್ಯಾಂಡಲಿಗೆ ಮಸ್ಕಿ ಸಂತೆಯ ಆ ಹಿತ್ತಾಳೆಯ ದಿಕ್ಸೂಚಿ ಕಟ್ಟಿತ್ತು.

ತಪ್ಪಾಯಿತು ಎನ್ನಲೆಂದು ಭಾನುವಾರ ಸಿಂಧನೂರಿಗೆ ಹೋದೆ. ಚಿಗವ್ವ ಕೊಟ್ಟ ಚಹಾ ಕೈಯಲ್ಲೇ ಆರಿತು. ಅವಳು ಒಳಗೆ ಹೋಗುವವರೆಗೆ ಕಾದು, ಕಾಕಾ ನನ್ನ ಹತ್ತಿರಕ್ಕೆ ಸರಿದು ಸಣ್ಣ ದನಿಯಲ್ಲಿ ಕೇಳಿದರು.

“ಲೇ ತಮ್ಮಾ, ನಾ ಬಂದಿದ್ದಕ್ಕ ಸಾಹೇಬ್ರು ನಿನಗೇನೂ ಅನ್ನಲಿಲ್ಲ, ಹೌದಿಲ್ಲೋ?”