ಕಾಲು ಎಂದರೆ ಎಷ್ಟು?

ಇವರಿಗೆ,
ಮುಖ್ಯ ಅಧಿಕಾರಿಗಳು,
ವೈದ್ಯಕೀಯ ಬಿಲ್ ಪರಿಶೀಲನಾ ವಿಭಾಗ,
ಗಾಲಿಕುರ್ಚಿ ಬಿಡಿಭಾಗಗಳ ಶಾಖೆ.

ವಿಷಯ: ನನ್ನ ಬಲಪಾದದ ಕೆಳಗೆ ಇರಬೇಕಾಗಿದ್ದ ಹಲಗೆ.

ಮಾನ್ಯರೇ,

ತಮ್ಮ ಕಡತಗಳು ದಿನೇ ದಿನೇ ದಪ್ಪವಾಗಲಿ, ತಮ್ಮ ಮೊಹರಿನ ಶಾಯಿ ಎಂದೂ ಒಣಗದಿರಲಿ, ತಮ್ಮ ಎರಡೂ ಮೊಣಕಾಲುಗಳು ನೂರು ವರ್ಷ ಗಟ್ಟಿಯಾಗಿರಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಈ ಪತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಕಳಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಲಕೋಟೆಯೊಳಗೆ ಕಳಿಸಿದ ಮೂರು ಅರ್ಜಿಗಳಿಗೆ ತಾವು ಕೊಟ್ಟ ಉತ್ತರಗಳನ್ನು ಓದಿದ ಮೇಲೆ, ನಾಲ್ಕು ಜನ ಸಾಕ್ಷಿಗಳಿರುವ ಕಡೆ ಮಾತಾಡುವುದೇ ಮೇಲು ಎನ್ನಿಸಿತು.

ನಾನು ಬೀಗ ರಿಪೇರಿಯವಳು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ ನನ್ನ ಮೇಜಿದೆ. ಜನ ಬೀಗದಕ್ಕ ಎನ್ನುತ್ತಾರೆ. ಸೊಂಟದಿಂದ ಕೆಳಗೆ ನನಗೆ ಸ್ಪರ್ಶವಿಲ್ಲ, ಹನ್ನೊಂದು ವರ್ಷದಿಂದ ಗಾಲಿಕುರ್ಚಿಯೇ ನನ್ನ ನಡಿಗೆ. ಆ ಕುರ್ಚಿಗೆ ಪಾದ ಊರಲು ಎರಡು ಹಲಗೆಗಳಿರುತ್ತವೆ. ರಿಪೇರಿ ಮಾಡುವವರೂ, ಅದರಲ್ಲಿ ಕೂರುವ ನಾವೂ ಅದಕ್ಕೆ ಕಾಲುಹಲಗೆ ಎನ್ನುತ್ತೇವೆ. ಒಂಬತ್ತು ವಾರಗಳ ಹಿಂದೆ ಚರಂಡಿಯ ಚಪ್ಪಡಿಗೆ ತಗುಲಿ ಬಲಗಡೆಯ ಹಲಗೆ ಮುರಿದುಬಿತ್ತು. ವಿಮೆಯ ಕಂತನ್ನು ಒಂದು ತಿಂಗಳೂ ತಪ್ಪಿಸದವಳಾದ್ದರಿಂದ, ‘ಕಾಲು ಹಲಗೆ, ಬಲಗಡೆ, ಬದಲಿ’ ಎಂದು ಧೈರ್ಯವಾಗಿ ಬರೆದು, ಅಂಗಡಿಯ ದರಪಟ್ಟಿ ಲಗತ್ತಿಸಿ ತಮ್ಮ ಸನ್ನಿಧಿಗೆ ಕಳಿಸಿಕೊಟ್ಟೆ.

ಹದಿನಾಲ್ಕೇ ದಿನದಲ್ಲಿ ಉತ್ತರ ಬಂತು. ಇಂಥ ಚುರುಕನ್ನು ಹೊಗಳದಿದ್ದರೆ ನಾಲಿಗೆಗೆ ಹುಳ ಬಿದ್ದೀತು. “ಕೋರಿಕೆಯಂತೆ ಕಾಲು ಹಲಗೆ, ಅಂದರೆ ಪೂರ್ಣ ಹಲಗೆಯ ಬೆಲೆಯ ನಾಲ್ಕನೇ ಒಂದು ಭಾಗ, ಮಂಜೂರಾಗಿದೆ. ಉಳಿದ ಮುಕ್ಕಾಲು ಹಲಗೆ ಸುಸ್ಥಿತಿಯಲ್ಲಿದೆ ಎಂಬುದಕ್ಕೆ ವೈದ್ಯರಿಂದ ದೃಢೀಕರಣ ಪತ್ರ ಸಲ್ಲಿಸತಕ್ಕದ್ದು.”

ಈ ಕಾಗದವನ್ನು ಬಿಡಿಭಾಗದ ಅಂಗಡಿಯವನಿಗೆ ತೋರಿಸಿದೆ. ಅವನು ಎರಡು ಸಲ ಓದಿ, “ಕಾಲು ಕೇಜಿ ತೂಗಿ ಕೊಡೋಕೆ ಇದೇನು ಈರುಳ್ಳಿನಾ ಅಕ್ಕಾ?” ಎಂದ. ಓದುಬರಹ ಕಡಿಮೆಯಾದವನು, ದಯವಿಟ್ಟು ಅವನ ಮೇಲೆ ಕೋಪ ಬೇಡ.

ಆಮೇಲೆ ನನ್ನ ನಾದಿನಿ, ಹೊಲಿಗೆ ಕಾರ್ಖಾನೆಯಲ್ಲಿ ಕಾಲರು ಕೂರಿಸುವವಳು, ಅರ್ಧ ದಿನದ ಕೂಲಿ ಬಿಟ್ಟು ನನ್ನನ್ನು ತಮ್ಮ ಮೂರನೇ ಕಿಟಕಿಯವರೆಗೆ ತಳ್ಳಿಕೊಂಡು ಬಂದಳು. ಅಲ್ಲಿಯ ಗುಮಾಸ್ತರು ಬಹಳ ಸಭ್ಯರು. “ನೀವೇ ಕಾಲು ಅಂತ ಬರೆದಿದೀರಲ್ಲ ಅಕ್ಕಾ. ಪೂರ್ತಿ ಬೇಕಿದ್ರೆ ಪೂರ್ತಿ ಅಂತ ಬರೀಬೇಕಿತ್ತು” ಎಂದು ನನಗೆ ಬುದ್ಧಿ ಹೇಳಿದರು. ನಾದಿನಿಗೆ ತಾಳ್ಮೆ ಹುಟ್ಟಿನಿಂದಲೇ ಕಾಲು ಪಾಲು. “ಅಲ್ಲಪ್ಪಾ, ಕಾಲು ಅಂದ್ರೆ ಕಾಲು! ನಿನ್ನ ಸೊಂಟದಿಂದ ಕೆಳಗೆ ಎರಡು ಜೋತಾಡ್ತಿವೆಯಲ್ಲ, ಅದು!” ಎಂದು ಕೂಗಿದಳು. ಅವರು ಒಂದಿಷ್ಟೂ ಬೇಸರಪಡದೆ, “ಎರಡು ಕಾಲು ಅಂದ್ರೂ ಅರ್ಧಾನೇ ಆಗೋದು ಮೇಡಂ” ಎಂದರು. ಲೆಕ್ಕದಲ್ಲಿ ತಪ್ಪಿಲ್ಲವಾದ್ದರಿಂದ ನಾವು ವಾಪಸಾದೆವು.

ಎರಡನೇ ಅರ್ಜಿಯಲ್ಲಿ, ಗೊಂದಲವೇ ಬೇಡವೆಂದು, ‘ಒಂದು ಕಾಲು ಹಲಗೆ’ ಎಂದು ಬರೆದೆ. ತಮ್ಮ ವಿಭಾಗ ಅದನ್ನು ಒಂದೂಕಾಲು ಹಲಗೆ ಎಂದು ಓದಿ, ಒಂದು ಬದಿಗೆ ಒಂದೇ ಹಲಗೆ ಸಾಕಾಗಿರುವಾಗ ಹೆಚ್ಚುವರಿ ಕಾಲು ಹಲಗೆಯನ್ನು ಕೇಳಿ ವಿಮಾ ನಿಧಿಯನ್ನು ದೋಚಲು ಯತ್ನಿಸಿದ್ದೇಕೆಂದು ಏಳು ದಿನದೊಳಗೆ ವಿವರಣೆ ನೀಡುವಂತೆ ನನಗೆ ನೋಟಿಸು ಕಳಿಸಿತು. ಬೀಗ ಒಡೆಯಬಲ್ಲವಳಾಗಿಯೂ ಮೂವತ್ತು ವರ್ಷ ಒಬ್ಬರ ಮನೆಯದನ್ನೂ ಮುಟ್ಟದವಳಿಗೆ ಕಳ್ಳಿ ಎನಿಸಿಕೊಳ್ಳುವ ಯೋಗ ತಮ್ಮಿಂದಲೇ ಬರಬೇಕಿತ್ತು.

ಮೂರನೆಯದರಲ್ಲಿ ಕಾಲಿನ ಗೊಡವೆಯೇ ಬೇಡವೆಂದು ‘ಪಾದದ ಹಲಗೆ’ ಎಂದು ಬರೆದೆ. ತಮ್ಮಲ್ಲಿ ವಿದ್ವಾಂಸರೊಬ್ಬರಿದ್ದಾರೆ, ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ, ಹಲಗೆಯಿಲ್ಲದ ಕುರ್ಚಿಯಿಂದ ಜಾರಿದರೆ ತಾನಾಗಿ ಆಗುವ ನಮಸ್ಕಾರವೂ ಅದೇ. ಪದ್ಯಕ್ಕೆ ನಾಲ್ಕು ಪಾದಗಳಿರುವುದರಿಂದ ಪಾದವೆಂದರೂ ನಾಲ್ಕನೇ ಒಂದು ಭಾಗವೇ, ಆದ್ದರಿಂದ ಮೊದಲಿನ ಮಂಜೂರಾತಿಯನ್ನು ಎತ್ತಿಹಿಡಿಯಲಾಗಿದೆ ಎಂದು ಅವರು ಷರಾ ಬರೆದಿದ್ದರು.

ಹಲಗೆ ಮಾಡುವುದೇನು ಬ್ರಹ್ಮವಿದ್ಯೆಯಲ್ಲ. ಕಬ್ಬಿಣದ ಪಟ್ಟಿ, ಎರಡು ಬೋಲ್ಟು, ಅರ್ಧ ಗಂಟೆ ಅರದಿಂದ ಉಜ್ಜುವ ಕೆಲಸ. ಕೈಯಲ್ಲಿ ಅರ ಹಿಡಿದೂ ಇದ್ದೆ. ಆದರೆ ಹೊರಗಿನ ಭಾಗ ಜೋಡಿಸಿದರೆ ಇಡೀ ಕುರ್ಚಿಯ ವಿಮೆಯೇ ರದ್ದಾಗುತ್ತದೆಂದು ಕಿಟಕಿಯವರು ಎಚ್ಚರಿಸಿದ್ದರು. ನಾಳೆ ಗಾಲಿ ಕೈಕೊಟ್ಟರೆ ನಾನು ತೆವಳಬೇಕಾಗುತ್ತದೆ. ಅದಕ್ಕೇ ಬಲಪಾದವನ್ನು ಎಡಗಡೆಯ ಹಲಗೆಗೇ ಏರಿಸಿ, ಬಟ್ಟೆಪಟ್ಟಿಯಿಂದ ಕಟ್ಟಿಕೊಂಡು ಓಡಾಡಿದೆ. ಪಟ್ಟಿ ಸಡಿಲವಾದಾಗ ಪಾದ ಜಾರಿ ನೆಲದ ಮೇಲೆ ಎಳೆದುಕೊಂಡು ಬರುತ್ತದೆ. ನನಗೆ ಗೊತ್ತಾಗುವುದಿಲ್ಲ. ಒಂದು ಸಂಜೆ ಬಾಗಿಲಿನಿಂದ ಅಡುಗೆಮನೆಯವರೆಗೆ ಕೆಂಪು ಗೆರೆ ಎಳೆದಿರುವುದನ್ನು ನಾದಿನಿ ನೋಡಿ, ಬಣ್ಣದ ಡಬ್ಬಿ ಚೆಲ್ಲಿದ್ದು ಯಾರೆಂದು ಬೈಯುತ್ತಾ ಬಂದವಳು, ತೊಗಲು ಸುಲಿದ ನನ್ನ ಹಿಮ್ಮಡಿ ಕಂಡು ತನ್ನ ಸೆರಗಿನಿಂದಲೇ ಅದನ್ನು ಒತ್ತಿಹಿಡಿದಳು.

ಇಲ್ಲಿ ತಮ್ಮ ಔದಾರ್ಯವನ್ನು ಮರೆಮಾಚಿದರೆ ಪಾಪ ಬಂದೀತು. ಆ ಹುಣ್ಣಿಗೆ ವಾರಕ್ಕೆರಡು ಸಲ ಪಟ್ಟಿ ಕಟ್ಟಿಸುವ ಬಿಲ್ಲನ್ನು ತಾವು ಒಂದು ಪ್ರಶ್ನೆಯನ್ನೂ ಕೇಳದೆ ಪೂರ್ತಿ ಕೊಡುತ್ತಿದ್ದೀರಿ. ಇಷ್ಟರಲ್ಲಿ ಮೂರು ಹಲಗೆಯ ಬೆಲೆ ಹತ್ತಿಗೂ ಮುಲಾಮಿಗೂ ಹೋಗಿದೆ. ಪಟ್ಟಿ ಕಟ್ಟುವ ನರ್ಸ್ ಕಳೆದ ವಾರ, “ಅಕ್ಕಾ, ಪಾದ ಇನ್ನೊಂದು ಸಲ ನೆಲಕ್ಕೆ ತಾಗಿದ್ರೆ ಮೂಳೆಗೆ ಇಳಿಯುತ್ತೆ. ಆಮೇಲೆ ನನ್ನ ಕೈಲಿಲ್ಲ” ಎಂದಳು. ಯಾರ ಕೈಲಿರುತ್ತದೆಂದು ಕೇಳಿದೆ. ಕೊಯ್ಯುವವರ ಕೈಲಿ ಎಂದಳು.

ಹಾಗಾಗಿ ತಮ್ಮ ದರಪಟ್ಟಿಯನ್ನು ತರಿಸಿ ಓದಿದೆ. ನಲವತ್ತನೇ ಪುಟದಲ್ಲಿ ‘ಕಾಲು ತೆಗೆಯುವುದು: ಪೂರ್ಣ ವೆಚ್ಚ’ ಎಂದಿದೆ. ಮಾನ್ಯರೇ, ನಾನು ಆ ಸಾಲನ್ನು ಬೆರಳಿಟ್ಟುಕೊಂಡು ಹಲವು ಸಲ ಓದಿದೆ. ಅಲ್ಲಿ ಯಾರೂ ನಾಲ್ಕನೇ ಒಂದು ಭಾಗವೆಂದು ಷರಾ ಬರೆದಿಲ್ಲ, ಪದ್ಯವನ್ನು ಎಳೆದು ತಂದಿಲ್ಲ. ಕತ್ತರಿಸುವಾಗ ಮಾತ್ರ ತಮ್ಮ ಕಚೇರಿಯಲ್ಲಿ ಕಾಲು ಎಂದರೆ ಕಾಲೇ.

ಈ ಜ್ಞಾನೋದಯಕ್ಕಾಗಿ ವಂದಿಸಿ, ಕೆಲವು ಕೋರಿಕೆಗಳನ್ನು ಇಡುತ್ತೇನೆ. ಒಂದೇ ಬಿಡಿಭಾಗಕ್ಕೆ ಐದು ವರ್ಷಕ್ಕೊಮ್ಮೆ ಮಾತ್ರ ಮಂಜೂರಾತಿ ಎಂಬ ತಮ್ಮ ನಿಯಮದ ಪ್ರಕಾರ, ಈಗ ಒಂದು ಕಾಲು, ಆಮೇಲೆ ಒಂದೊಂದಾಗಿ ಮೂರು ಕಾಲು ಸೇರಿ, ಹದಿನೈದು ವರ್ಷದಲ್ಲಿ ನನಗೆ ಪೂರ್ತಿ ಹಲಗೆ ದಕ್ಕುತ್ತದೆ. ಅಲ್ಲಿಯವರೆಗೆ ಹರಡಕೂಡದೆಂದು ಹುಣ್ಣಿಗೆ ತಮ್ಮ ಸಹಿಯಲ್ಲೇ ಒಂದು ಆದೇಶ ಹೊರಡಿಸಬೇಕು. ತಮ್ಮ ರಜಾದಿನಗಳಲ್ಲಿ ಅದಕ್ಕೂ ರಜೆ ಕೊಡಬೇಕು. ಇದು ಆಗದಿದ್ದರೆ, ನನ್ನ ಪಾದವನ್ನು ಕಡತಕ್ಕೆ ಲಗತ್ತಿಸಿಕೊಂಡು ತಮ್ಮ ಮೇಜಿನ ಮೇಲೆ ಜೋಪಾನವಾಗಿ ಇಟ್ಟುಕೊಳ್ಳಬೇಕು, ಹಲಗೆ ಮಂಜೂರಾದ ದಿನ ನಾನೇ ಬಂದು ಒಯ್ಯುತ್ತೇನೆ.

ಇವೆಲ್ಲ ಕಷ್ಟವೆನ್ನಿಸಿದರೆ ಒಂದು ಸುಲಭದ ದಾರಿಯಿದೆ. ಹಲಗೆ ಕೊಡಿ. ಇದು ಭಿಕ್ಷೆಯಲ್ಲ, ಹನ್ನೊಂದು ವರ್ಷ ಕಂತು ಕಟ್ಟುವಾಗ ನಾನು ಒಮ್ಮೆಯೂ ಕಾಲು ಕಂತು ಕಟ್ಟಿಲ್ಲ.

ಹೊಣೆ ತಮ್ಮದೇ ಎಂದು ನಂಬಿರುವ,
ತಮ್ಮ ವಿಶ್ವಾಸಿ,
ಬೀಗದಕ್ಕ

ಮರೆತಿದ್ದ ಮಾತು: ಬರುವ ಬುಧವಾರ ಹತ್ತು ಗಂಟೆಗೆ ತಮ್ಮ ದರ್ಶನಕ್ಕೆ ನನ್ನಂಥ ಇಪ್ಪತ್ತಮೂರು ಜನ ಅರ್ಜಿದಾರರು ಬರುತ್ತಿದ್ದೇವೆ. ಕುರ್ಚಿ ಹಾಕಿಸುವ ತೊಂದರೆ ಬೇಡ, ನಾವೇ ತರುತ್ತೇವೆ. ತಮ್ಮ ಕೊಠಡಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ ಎಂದು ತಿಳಿಯಿತು. ಆದ್ದರಿಂದ ಮೆಟ್ಟಿಲಿನ ಬುಡದಲ್ಲೇ, ಗೋಡೆಯಿಂದ ಗೋಡೆಗೆ ಸಾಲಾಗಿ ಕೂತಿರುತ್ತೇವೆ. ನಮಗೆ ಹತ್ತಲು ಬಾರದು, ಆದರೆ ಕೂರುವುದರಲ್ಲಿ ನಮ್ಮನ್ನು ಸೋಲಿಸುವವರಿಲ್ಲ. ಊಟದ ಹೊತ್ತಿಗೆ ತಾವು ಇಳಿಯಲೇಬೇಕಲ್ಲ, ಆಗ ನೋಡಿಕೊಂಡು ಹೆಜ್ಜೆಯಿಡಿ. ಕಾಲು ಮುರಿದರೆ ಅರ್ಜಿಯಲ್ಲಿ ಏನೆಂದು ಬರೆಯಬೇಕೋ ನಮಗಿನ್ನೂ ತಿಳಿದಿಲ್ಲ.