ಹದಿನಾಲ್ಕು ಡಬ್ಬಿ ಚಾಕಲೇಟು ಉಂಡೆ

ಗಂಭೀರವಾಗಿರಬೇಕು ಎಂದು ನಾನು ತೀರ್ಮಾನ ಮಾಡಿದ ದಿನವೇ ಯಾರಾದರೂ ಏನಾದರೂ ಮಾಡಿ ನನ್ನನ್ನು ನಗಿಸಿಬಿಡುತ್ತಾರೆ. ಕಳೆದ ಡಿಸೆಂಬರಿನಿಂದ ಹೊಸ ವರ್ಷದ ಬೆಳಿಗ್ಗೆಯವರೆಗೆ ಹೀಗೆ ಐದಾರು ಸಲ ಆಯಿತು. ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಆದ್ದರಿಂದ ಸರಿಯಾಗಿ ಹೇಳುತ್ತೇನೆ: ಆರು ಸಲ.

ನಮ್ಮ ಮನೆಯವರು ಚಿಂತಾಮಣಿಯಿಂದ ಗೌರಿಬಿದನೂರಿಗೆ ಹೋಗಿ ಬರುವ ಖಾಸಗಿ ಬಸ್ಸಿನ ಡ್ರೈವರ್. ಹದಿನಾರು ವರ್ಷ, ಪ್ರತಿ ವರ್ಷದ ಕೊನೆಯ ದಿನ, ಅವರು ಚಾಕಲೇಟು ಉಂಡೆ ಹಂಚುತ್ತಿದ್ದರು. ಕಡಲೆಕಾಯಿ ಬೀಜ, ಗೋಡಂಬಿ ಹುರಿದು ಪುಡಿ ಮಾಡಿ, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ, ಕರಗಿಸಿದ ಚಾಕಲೇಟಿನಲ್ಲಿ ಅದ್ದಿ ಒಣಗಿಸುವುದು. ಹದಿನಾಲ್ಕು ಸ್ಟೀಲ್ ಡಬ್ಬಿ, ಒಂದೊಂದರಲ್ಲಿ ಹತ್ತು. ಬೀದಿಯ ಹನ್ನೊಂದು ಮನೆಗೆ, ನಮ್ಮ ಶಾಲೆಗೆ, ಬಸ್ಸಿನವರಿಗೆ, ಚಾಕಲೇಟು ಕೊಡುವ ಬೇಕರಿಯವರಿಗೆ. ಆ ದಿನ ನನ್ನನ್ನು ಅಡುಗೆ ಮನೆಯೊಳಗೆ ಬಿಡುತ್ತಿರಲಿಲ್ಲ.

ಕಳೆದ ವರ್ಷ ಯುಗಾದಿಗೆ ಸ್ವಲ್ಪ ಮುಂಚೆ ಅವರು ತೀರಿಕೊಂಡರು. ಡಿಸೆಂಬರ್ ಬಂದಾಗ ಬೀದಿಯಲ್ಲಿ ಒಬ್ಬರೂ ಉಂಡೆಯ ಮಾತೆತ್ತಲಿಲ್ಲ. ಆ ಎಚ್ಚರಿಕೆಯನ್ನೇ ನನಗೆ ತಡೆಯಲು ಆಗಲಿಲ್ಲ. ಹದಿನಾಲ್ಕು ಡಬ್ಬಿಯೂ ಹೋಗಬೇಕು, ತಿಂದವರು ‘ಅವರದ್ದೇ’ ಅನ್ನಬೇಕು ಎಂದು ನಿಶ್ಚಯಿಸಿಕೊಂಡೆ.

೧. ಹಿಡಿ

ಅವರು ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ. ಉಂಡೆ ಮಾಡಲು ಕಲಿತದ್ದು ಚಿಕ್ಕಬಳ್ಳಾಪುರದ ಬೇಕರಿಯಲ್ಲಿ, ಬಸ್ಸು ನಿಂತ ಹೊತ್ತಿನಲ್ಲಿ. ಒಂದು ಭಾನುವಾರ ಅಲ್ಲಿಗೆ ಹೋದೆ.

“ಹತ್ತು ಹಿಡಿ ಕಡ್ಲೆಕಾಯಿ ಬೀಜ, ಎರಡು ಹಿಡಿ ಗೋಡಂಬಿ ಮೇಡಂ,” ಅಂದರು ಬೇಕರಿಯವರು.

“ಒಂದು ಹಿಡಿ ಅಂದ್ರೆ ಎಷ್ಟು ಗ್ರಾಂ?”

“ಹಿಡಿ ಅಂದ್ರೆ ಹಿಡಿ ಮೇಡಂ.”

ಅವರ ಕೈಯಿಂದಲೇ ಮೂರು ಸಲ ಬೀಜ ತೆಗೆಸಿ ತಕ್ಕಡಿಗೆ ಹಾಕಿಸಿದೆ. ಐವತ್ತೆಂಟು, ಅರವತ್ತೆರಡು, ಅರವತ್ತು. ಸರಾಸರಿ ಅರವತ್ತು ಎಂದು ಬರೆದುಕೊಂಡೆ. ಅವರು ತಮ್ಮ ಅಂಗೈ ನೋಡಿಕೊಂಡು, “ಆದ್ರೆ ನನ್ನ ಕೈ ಚಿಕ್ಕದು. ಅಣ್ಣನ ಕೈ ದೊಡ್ಡದಿತ್ತು. ಎಷ್ಟು ದೊಡ್ಡದು ಅಂತ ಈಗ ಯಾರಿಗೆ ಗೊತ್ತು?” ಅಂದರು.

“ನನಗೆ ಗೊತ್ತು,” ಅಂದೆ.

ಅವರು ಗಲ್ಲಾ ಬಿಟ್ಟು ಎದ್ದು ನಿಂತರು. ಆಮೇಲೆ ಅಂಗಡಿಯಲ್ಲಿದ್ದವರ ಕಡೆ ತಿರುಗಿ ಕೂಗಿದರು: “ಎಲ್ಲಾರೂ ಸ್ವಲ್ಪ ಕೈ ತೋರಿಸ್ರಪ್ಪಾ!”

ಯಾಕೆ ಎಂದು ಒಬ್ಬರೂ ಕೇಳಲಿಲ್ಲ. ಬನ್ ತಿನ್ನುತ್ತಿದ್ದವರು ಬನ್ನನ್ನು ಎಡಗೈಗೆ ಬದಲಾಯಿಸಿ ಬಲಗೈ ಚಾಚಿದರು. ಹೋಂವರ್ಕ್ ನೋಡುವ ಹಾಗೆ ಸಾಲಾಗಿ ಏಳು ಕೈ ನೋಡಿದೆ. ಎಂಟನೆಯದು ತರಕಾರಿ ಮಂಡಿಯಲ್ಲಿ ಮೂಟೆ ಹೊರುವವರ ಕೈ. ಅದು ಸರಿಯಾಗಿತ್ತು. ಒಂದು ಹಿಡಿಗೆ ಎಂಬತ್ತನಾಲ್ಕು ಗ್ರಾಂ. ಬರೆದುಕೊಂಡು, ನಮಸ್ಕಾರ ಹೇಳಿ ಹೊರಟೆ.

ಮೂಟೆ ಹೊರುವವರು ಬಾಗಿಲವರೆಗೂ ಹಿಂದೆ ಬಂದರು. “ಮೇಡಂ, ಕೆಲ್ಸಕ್ಕೆ ಯಾವತ್ತಿಂದ ಬರ್ಬೇಕು?”

೨. ಬಾನೆಟ್

ಎರಡು ಕೆ.ಜಿ. ಚಾಕಲೇಟು ಗಟ್ಟಿ ತೆಗೆದುಕೊಂಡು ನಮ್ಮ ಮನೆಯವರ ಬಸ್ಸಿಗೇ ಹತ್ತಿದೆ. ಈಗ ಅದನ್ನು ಓಡಿಸುವವರು ಹಿಂದೆ ಅದರಲ್ಲೇ ಕಂಡಕ್ಟರ್ ಆಗಿದ್ದವರು. “ಅತ್ತಿಗೆ, ಚೀಲ ಇಲ್ಲಿ ಕೊಡಿ. ಅಣ್ಣ ಇಲ್ಲೇ ಇಡ್ತಿದ್ದದ್ದು,” ಎಂದು ಅದನ್ನು ಇಸಿದುಕೊಂಡು, ತಮ್ಮ ಟವೆಲ್ ಮಡಿಸಿ ಹಾಸಿ, ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಟ್ಟರು. ದಾರಿಯುದ್ದಕ್ಕೂ ಯಾರನ್ನೂ ಅದರ ಹತ್ತಿರ ಕೂರಲು ಬಿಡಲಿಲ್ಲ.

ಚಿಂತಾಮಣಿಯಲ್ಲಿ ಇಳಿಯುವಾಗ ಚೀಲ ಎತ್ತಿದರೆ ಒಳಗೆ ಗುಳುಗುಳು ಅಂದಿತು.

“ಅವರು ತಂದಾಗಲೂ ಹೀಗೆ ಕರಗ್ತಿತ್ತಾ?” ಎಂದು ಕೇಳಿದೆ.

“ಪ್ರತಿ ವರ್ಷ ಅತ್ತಿಗೆ.”

“ಮತ್ತೆ ಯಾಕೆ ಇಲ್ಲೇ ಇಡ್ತಿದ್ರು?”

“ಅದನ್ನ ಕೇಳ್ಬೇಕು ಕೇಳ್ಬೇಕು ಅಂತ ನಾವೂ ಹದಿನಾರು ವರ್ಷ ಕಳೆದ್ವಿ.”

೩. ಅಪ್ಪಣೆ

ನಮ್ಮ ಕಡೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಸಿಹಿ ಮಾಡುವುದಿಲ್ಲ. ಹಬ್ಬ ಬಂದರೆ ಅಕ್ಕಪಕ್ಕದವರು ತಂದು ಕೊಡುತ್ತಾರೆ. ಎದುರು ಮನೆಯ ಅಜ್ಜಿ ಆ ಒಂಬತ್ತು ತಿಂಗಳಲ್ಲಿ ಒಂದು ಹಬ್ಬವನ್ನೂ ಬಿಡದೆ ನನಗೆ ತಂದು ಕೊಟ್ಟು, ತಿನ್ನುವವರೆಗೂ ಎದುರಿಗೇ ಕೂತಿದ್ದವರು. ಅವರನ್ನು ಕೇಳದೆ ನಾನು ಒಲೆ ಹಚ್ಚುವಂತಿರಲಿಲ್ಲ.

“ಏಮಮ್ಮಾ, ವರ್ಷ ತುಂಬಿಲ್ವಲ್ಲ,” ಅಂದರು ಅಜ್ಜಿ. “ಬಾಣಲೆ ಇಡಂಗಿಲ್ಲ. ಬೆಲ್ಲದ ಪಾಕ ಎತ್ತಂಗಿಲ್ಲ.”

“ಚಾಕಲೇಟಿಗೆ ಬಾಣಲೆ ಬೇಡ ಅಜ್ಜಿ. ಕುದಿಯೋ ನೀರಿನ ಮೇಲೆ ಪಾತ್ರೆ ಇಟ್ಟು ಕರಗಿಸೋದು.”

“ಅಂದ್ರೆ ಪಾತ್ರೆ ಒಲೆ ಮೇಲಿರಲ್ಲ?”

“ಇಲ್ಲ. ನೀರಿನ ಮೇಲಿರುತ್ತೆ.”

“ನೀರು ಕಾಯಿಸೋದಕ್ಕೆ ಯಾರೂ ಏನೂ ಅನ್ನಂಗಿಲ್ಲ. ಬೀಜ ನಮ್ಮನೇಲಿ ಹುರ್ಕೊಡ್ತೀನಿ. ಪಾಕ ಮಾತ್ರ ಆಗಲ್ಲ ಕಣೇ, ನಮ್ಮನೇಲೂ ಆಗಲ್ಲ.”

“ಪಾಕ ಇಲ್ದೆ ಉಂಡೆ ನಿಲ್ಲೋದು ಹೇಗೆ?”

“ಖರ್ಜೂರ ರುಬ್ಬಿ ಹಾಕು. ಅದು ಹಣ್ಣು. ಹಣ್ಣು ತಿನ್ನೋಕೆ ಯಾವ ಶಾಸ್ತ್ರ?”

ಪಾಕದ ಬದಲು ಖರ್ಜೂರ ಹಾಕಿದರೆ ಅದು ಅವರ ಉಂಡೆ ಹೇಗಾಗುತ್ತದೆ? ಆದರೆ ಅಜ್ಜಿಯ ಮಾತು ಮೀರುವ ಧೈರ್ಯ ಬರಲಿಲ್ಲ. ಅಜ್ಜಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. “ಆ ಚಾಕಲೇಟು ಸಿಹಿ ಅಲ್ವಾ?”

ಕರಗಿದ್ದದ್ದು ಅಷ್ಟರಲ್ಲಿ ಮತ್ತೆ ಗಟ್ಟಿಯಾಗಿತ್ತು, ಒಂದು ಚೂರು ಮುರಿದು ಕೊಟ್ಟೆ. ಅಜ್ಜಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. “ಥೂ, ಕಹಿ! ಇದನ್ನ ಸಿಹಿ ಅಂತ ಯಾರು ಹೇಳಿದ್ದು? ಧಾರಾಳವಾಗಿ ಮಾಡು.”

ನಾನು ಉಳಿದದ್ದನ್ನು ಕಟ್ಟಿಡುವಷ್ಟರಲ್ಲಿ ಕೈ ಮತ್ತೆ ಮುಂದೆ ಬಂತು. “ಇನ್ನೊಂದು ಚೂರು ಕೊಡು. ಶಾಸ್ತ್ರದ ವಿಷಯ, ಒಂದೇ ಸಲ ನೋಡಿ ಹೇಳ್ಬಾರ್ದು.”

ಅಪ್ಪಣೆ ಖಾಯಂ ಆಗಲು ಐದು ಚೂರು ಬೇಕಾಯಿತು.

೪. ಒಂದು ಹನಿ

ಖರ್ಜೂರ ತಂದುಕೊಟ್ಟವರು ನಮ್ಮ ಶಾಲೆಯ ಹಿಂದಿ ಮೇಡಂ. ಅವರು ದಿನಾ ಮುರುಗಮಲ್ಲದಿಂದ ಬಸ್ಸಿನಲ್ಲಿ ಬರುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ನಾನು ಅರ್ಧ ಕೆ.ಜಿ. ಚಾಕಲೇಟು ಹಾಳು ಮಾಡಿ ಕೂತಿದ್ದೆ. ನುಣ್ಣಗೆ ಕರಗುತ್ತಿದ್ದದ್ದು ಇದ್ದಕ್ಕಿದ್ದಂತೆ ಗಂಟು ಕಟ್ಟಿ ಕೆರೆಯ ಕೆಸರಿನ ಹಾಗಾಗಿತ್ತು.

ಅವರು ಸೌಟಿನಿಂದ ಎತ್ತಿ ನೋಡಿದರು. “ನೀರು ಬಿದ್ದಿದೆ ಮೇಡಂ. ಒಂದು ಹನಿ ಬಿದ್ರೂ ಹೀಗಾಗುತ್ತೆ.”

“ಸಾಧ್ಯವೇ ಇಲ್ಲ. ಪಾತ್ರೆ, ಸೌಟು, ಕೈ, ಮೂರನ್ನೂ ಎರಡೆರಡು ಸಲ ಒರೆಸಿದ್ದೀನಿ.”

“ಮತ್ತೆ ನೀರು ಎಲ್ಲಿಂದ ಬಂತು?”

“ಆವಿ ಇರಬಹುದು,” ಅಂದೆ.

ಅವರು ಪಾತ್ರೆ ನೋಡಲಿಲ್ಲ, ನನ್ನ ಮುಖ ನೋಡಿದರು. ನಾನು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತು, ಫೋನು ತೆಗೆದು ಮೇಜಿನ ಮೇಲಿಟ್ಟರು.

“ಅಳೋದನ್ನ ಕರಗಿಸೋಕೆ ಮುಂಚೆ ಮುಗಿಸಿಬಿಡೋಣ ಮೇಡಂ. ಹತ್ತು ನಿಮಿಷ ಇಟ್ಟಿದ್ದೀನಿ. ಹೂಂ, ಶುರು ಮಾಡಿ.”

ನಾನು ಕಾದೆ. ಅವರೂ ಕಾದರು. ಫೋನಿನಲ್ಲಿ ಅಂಕಿ ಇಳಿಯುತ್ತಿತ್ತು.

“ಈಗ ಬರ್ತಿಲ್ಲ,” ಅಂದೆ.

“ಖಂಡಿತ?”

“ಖಂಡಿತ.”

“ಹಾಗಾದ್ರೆ ಒಲೆ ಹಚ್ಚಿ. ಇನ್ನೂ ಒಂಬತ್ತು ನಿಮಿಷ ನಿಮ್ಮ ಹೆಸರಲ್ಲಿ ಉಳಿದಿದೆ, ಬೇಕಾದಾಗ ಕೇಳಿ.”

೫. ಗೂಡು

ಅದ್ದಿದ ಉಂಡೆಗಳನ್ನು ಒಣಗಿಸಲು ಮನೆಯ ತಟ್ಟೆಗಳು ಸಾಲಲಿಲ್ಲ. ನಮ್ಮ ಬೀದಿಯಲ್ಲಿ ರೇಷ್ಮೆ ಗೂಡಿನ ವ್ಯಾಪಾರಿಯೊಬ್ಬರಿದ್ದಾರೆ. ಮೂವತ್ತು ವರ್ಷದಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ಬರುವವರು. ವಿಷಯ ಕೇಳಿ, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ, ಇನ್ನೂ ಬಳಸದ ಹೊಸದು, ತಂದುಕೊಟ್ಟರು. ಅದರ ಸುತ್ತುಗಳ ನಡುವೆ ನೂರ ನಲವತ್ತು ಉಂಡೆ ಅಚ್ಚುಕಟ್ಟಾಗಿ ಕೂತವು. ಪಡಸಾಲೆಯಲ್ಲಿಟ್ಟೆ.

ಸಂಜೆ ಹೇಗಾಗಿದೆ ನೋಡೋಣ ಎಂದು ಅವರು ಬಂದರು. ಒಂದು ಉಂಡೆ ಎತ್ತಿ, ಎರಡು ಬೆರಳಲ್ಲಿ ಅಮುಕಿ, ಗೂಡಿನೊಳಗಿನ ಹುಳುವಿನ ಸದ್ದು ಕೇಳುವವರ ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

“ಅದು ಚಾಕಲೇಟು,” ಅಂದೆ.

“ಗೊತ್ತು ಮೇಡಂ. ಕೈ ಕೇಳಲ್ಲ.” ಹೇಳುತ್ತಲೇ ಇನ್ನೊಂದನ್ನು ಎತ್ತಿ ಅಲ್ಲಾಡಿಸಿದರು.

ಆಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವಿಂಗಡಿಸಲು ಶುರು ಮಾಡಿದರು. ಒಂದಕ್ಕೊಂದು ಅಂಟಿಕೊಂಡವು ಜೋಡಿ, ಬೇರೆ. ಮೈ ಮೇಲೆ ಕಲೆ ಇದ್ದವು ಬೇರೆ. ತೂಕ ಕಡಿಮೆ ಇದ್ದವು ಬೇರೆ. ನಾನು ಗ್ರಾಂ ತಕ್ಕಡಿಯಲ್ಲಿ ಪರೀಕ್ಷಿಸಿದೆ, ಅವರ ಕೈ ಒಂದು ಸಲವೂ ತಪ್ಪಿರಲಿಲ್ಲ. ನನಗೆ ಅವರ ಮೇಲೆ ಬಹಳ ಗೌರವ ಬಂತು. ಕೊನೆಗೆ ಇಪ್ಪತ್ತಮೂರು ಕಳಪೆ ಎಂದು ಪಕ್ಕಕ್ಕಿಟ್ಟರು.

“ಇವನ್ನ ಡಬ್ಬಿಗೆ ಹಾಕ್ಬೇಡಿ ಮೇಡಂ. ಅಣ್ಣನ ಹೆಸರಿಗೆ ಕಳಂಕ.”

“ಇಲ್ಲ, ಇಪ್ಪತ್ತಮೂರು ಮತ್ತೆ ಮಾಡ್ತೀನಿ,” ಅಂದೆ. “ಇವನ್ನ ಏನು ಮಾಡೋದು?”

“ಕಳಪೆ ಮಾಲು ಮನೇಲಿ ಇಟ್ಕೋಬಾರ್ದು. ಒಳ್ಳೆಯದನ್ನೂ ಕೆಡಿಸುತ್ತೆ,” ಎಂದು ಗಂಭೀರವಾಗಿ ಹೇಳಿ, ಇಪ್ಪತ್ತಮೂರನ್ನೂ ತಮ್ಮ ಟವೆಲಿನಲ್ಲಿ ಕಟ್ಟಿಕೊಂಡು ಹೋದರು.

೬. ಬಾಗಿಲು

ವರ್ಷದ ಕೊನೆಯ ಸಂಜೆ ಹದಿನಾಲ್ಕು ಡಬ್ಬಿಯೂ ಹೋದವು. ಮಾರನೆಯ ಬೆಳಿಗ್ಗೆ ಬೀದಿಯವು ಒಂದೊಂದಾಗಿ ವಾಪಸ್ ಬಂದವು. ನಮ್ಮಲ್ಲಿ ಡಬ್ಬಿ ಖಾಲಿ ಕೊಡುವುದಿಲ್ಲ. ಒಂದರಲ್ಲಿ ಹಿದುಕಿದ ಅವರೆಬೇಳೆ, ಒಂದರಲ್ಲಿ ರಾಗಿ ಹುರಿಹಿಟ್ಟು, ಒಂದರಲ್ಲಿ ಸೀಬೆಹಣ್ಣು.

“ಉಂಡೆ ಹೇಗಿತ್ತು?” ಎಂದು ಎಲ್ಲರನ್ನೂ ಕೇಳಿದೆ.

“ಚೆನ್ನಾಗಿತ್ತು ಮೇಡಂ. ತುಂಬಾನೇ ಚೆನ್ನಾಗಿತ್ತು,” ಎಂದು ಹೇಳಿ, ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೋಗುತ್ತಿದ್ದರು. ಏಳು ಮನೆಯವರು ಹೀಗೇ ಮಾಡಿದರು. ಏಳು ಜನ ಒಂದೇ ತಪ್ಪು ಉತ್ತರ ಬರೆದರೆ ಅದು ಕಾಕತಾಳೀಯವಲ್ಲ ಎಂದು ಯಾವ ಟೀಚರಿಗೂ ಗೊತ್ತು.

ಎಂಟನೆಯವರಾಗಿ ಎದುರು ಮನೆ ಅಜ್ಜಿ ಬಂದರು. ನಾನು ನೇರವಾಗಿ ಕೇಳಿದೆ: “ಅಜ್ಜಿ, ಅವರದ್ದರ ಹಾಗೆ ಆಗಿಲ್ಲ, ಅಲ್ವಾ?”

“ಇಲ್ಲ ಕಣಮ್ಮಾ,” ಅಂದರು ಅಜ್ಜಿ.

“ಪಾಕ ಇಲ್ದೆ ಹೀಗಾಯ್ತು. ನನಗೆ ಗೊತ್ತಿತ್ತು.”

“ಅಯ್ಯೋ, ಅದಲ್ವೇ. ಇದನ್ನ ತಿನ್ನೋಕಾಗುತ್ತೆ!”

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಉಳಿಯುತ್ತಿದ್ದ ಉಂಡೆಗಳು ಯಾವಾಗಲೂ ಕಲ್ಲಿನ ಹಾಗಿರುತ್ತಿದ್ದವು. ಕೊನೆಗೆ ಉಳಿದ ಪಾಕ ಹೆಚ್ಚು ಕಾದು ಹಾಗಾಗಿರಬೇಕು, ಮೊದಲು ಕಟ್ಟಿ ಹಂಚಿದವು ಮೆತ್ತಗಿರಬೇಕು ಎಂದು ನಂಬಿಕೊಂಡು, ಕಾಫಿಯಲ್ಲಿ ಅದ್ದಿಟ್ಟು ತಿಂದು, ಚೆನ್ನಾಗಿದೆ ಎಂದು ಅವರಿಗೆ ಹೇಳುತ್ತಿದ್ದೆ.

“ಎಲ್ಲಾ ಮನೆಗೂ ಗಟ್ಟಿಯವೇ ಬರ್ತಿದ್ವಾ?” ಎಂದು ಕೇಳಿದೆ.

ಡಬ್ಬಿ ಹಿಡಿದು ಗೇಟಿನ ಹತ್ತಿರ ಬಂದಿದ್ದ ಗೂಡಿನ ವ್ಯಾಪಾರಿ ಅಲ್ಲಿಂದಲೇ ಹೇಳಿದರು: “ನಮ್ಮಮ್ಮನ ಅಡಕತ್ತರಿ ಮುರೀತು ಮೇಡಂ.”

“ನಾವು ರಾತ್ರಿ ಹಾಲಲ್ಲಿ ನೆನೆಹಾಕ್ತಿದ್ವಿ, ಕಡಲೆಕಾಳು ನೆನೆಹಾಕಿದಂಗೆ,” ಎಂದು ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಹೇಳಿದರು.

“ಅದಕ್ಕೇನಾ ಅಜ್ಜಿ ನೀವು ಪಾಕ ಬೇಡ ಅಂದಿದ್ದು? ಶಾಸ್ತ್ರ ಅಂದ್ರಲ್ಲ?”

“ಶಾಸ್ತ್ರಾನೂ ಹೌದು,” ಅಂದರು ಅಜ್ಜಿ. “ನನ್ನ ಹಲ್ಲೂ ಹೌದು.”

“ಹದಿನಾರು ವರ್ಷದಲ್ಲಿ ಒಬ್ಬರಾದರೂ ಅವರಿಗೆ ಹೇಳ್ಬಾರ್ದಿತ್ತಾ?”

“ಹೆಂಗೆ ಹೇಳೋದು? ಡಬ್ಬಿ ಕೊಟ್ಟು, ‘ಹೆಂಗಿದೆ ಅಜ್ಜಿ’ ಅಂತ ಆ ಮುಖ ಇಟ್ಕೊಂಡು ಬಾಗಿಲಲ್ಲೇ ನಿಂತ್ಕೊಳ್ಳೋನು. ಯಾರಿಗೆ ಮನಸ್ಸು ಬರುತ್ತೆ?”

ಹನ್ನೊಂದು ಮನೆ, ಹದಿನಾರು ವರ್ಷ. ನೂರ ಎಪ್ಪತ್ತಾರು ಸಲ ಈ ಬೀದಿ ಅವರಿಗೆ ಚೆನ್ನಾಗಿದೆ ಎಂದು ಹೇಳಿತ್ತು, ಒಬ್ಬರ ಬಾಯಿಂದಲೂ ನಿಜ ಜಾರಿರಲಿಲ್ಲ. ಆ ಒಂದೊಂದು ದಿನವೂ ಅವರು ಎಷ್ಟು ಖುಷಿಯಾಗಿ ಮನೆಗೆ ಬರುತ್ತಿದ್ದರೆಂದು ನೋಡಿದವಳು ನಾನು. ಇವರಿಗೆಲ್ಲ ಹೇಗೆ ಕೃತಜ್ಞತೆ ಹೇಳುವುದೆಂದು ತಿಳಿಯದೆ ನಗಲು ಶುರು ಮಾಡಿದೆ. ಯುಗಾದಿಯಿಂದೀಚೆಗೆ ಅಷ್ಟು ಜೋರಾಗಿ ನಕ್ಕಿರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದು, “ಬಾ, ಒಂದು ತೋರಿಸ್ತೀನಿ,” ಎಂದು ತಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಹಿತ್ತಲ ಬಾಗಿಲು ತೆರೆದು ನಿಂತಿತ್ತು, ಅದರ ಕೆಳಗಿನ ಸಂದಿಯಲ್ಲಿ ಕಂದು ಬಣ್ಣದ ಒಂದು ಉಂಡೆ.

“ಹೋದ ವರ್ಷದ್ದು. ಗಾಳಿಗೆ ಬಾಗಿಲು ಬಡ್ಕೊಳ್ತಿತ್ತು, ಸಿಕ್ಕಿಸಿದೆ. ಮೇಲಿನ ಚಾಕಲೇಟು ಇರುವೆ ತಿಂದ್ಕೊಂಡ್ವು. ಒಳಗಿಂದು ಅವಕ್ಕೂ ಆಗ್ಲಿಲ್ಲ.”

ನಾನು ಬಗ್ಗಿ ಬಹಳ ಹೊತ್ತು ನೋಡಿದೆ. ಅಜ್ಜಿಯ ದನಿ ಮೆತ್ತಗಾಯಿತು. “ಅವನ ಕೈಯಿಂದು. ಬೇಕಾದ್ರೆ ತಗೊಂಡು ಹೋಗಮ್ಮಾ.”

ನಾನು ಬಾಗಿಲನ್ನು ಒಂದು ಸಲ ತಳ್ಳಿ ನೋಡಿದೆ. ಆಮೇಲೆ ಭುಜ ಕೊಟ್ಟು ತಳ್ಳಿದೆ. ಒಂದು ಮಿಲಿಮೀಟರೂ ಅಲ್ಲಾಡಲಿಲ್ಲ.

“ಬೇಡ ಅಜ್ಜಿ, ಇಲ್ಲೇ ಇರಲಿ,” ಅಂದೆ. “ಇದನ್ನ ತೆಗೆದು ನಾನು ಮಾಡಿದ್ದನ್ನ ಇಟ್ರೆ, ನಿಮ್ಮ ಬಾಗಿಲು ನಿಲ್ಲಲ್ಲ.”